ರಷ್ಯಾ ಸೈನ್ಯಕ್ಕೆ ಹೆದರಿ ಓಡಿಬಂದವನನ್ನು ಅಮೆರಿಕ ತನ್ನ ಸೈನ್ಯಕ್ಕೆ ಎಳೆದುಕೊಂಡದ್ದು ಸರೀನಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮೊದಲನೇ ಮಹಾಯುದ್ಧದ ಬಗ್ಗೆ ಓದುತ್ತಾ ಒಬ್ಬ ಸಿಪಾಯಿಯ ಹಿಂದೆ ಬಿದ್ದಿದ್ದೇನೆ. ಹೆಸರು ಏಬ್ರಹಾಂ ಕ್ರೊಟೊಶಿನ್ಸ್ಕಿ. ಪೋಲೆಂಡಿನ ಪ್ಲಾಟ್ಸ್ಕ್ ಊರಿನ ಯಹೂದಿ ಹುಡುಗ. ಆಗ ಆ ಊರು ರಷ್ಯಾದ ಚಕ್ರವರ್ತಿ ಝಾರ್ ಕೈಯಲ್ಲಿತ್ತು. ಝಾರ್ ಸೈನ್ಯದಲ್ಲಿ ದುಡಿಯೋದು ಬೇಡ ಅಂತ 1912ರಲ್ಲಿ ಅಮೆರಿಕಕ್ಕೆ ಹೊರಟುಬಂದ. ನ್ಯೂಯಾರ್ಕಿನಲ್ಲಿ ಕ್ಷೌರದ ಕೆಲಸ ಹಿಡಿದ. 1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿಯಿತು. ಇವನನ್ನು ಕಡ್ಡಾಯ ಸೇವೆಗೆ ಕರೆಸಿಕೊಂಡರು. ಸೇರಿದ ಪಡೆ 77ನೇ ಡಿವಿಷನ್, ಅದರ 307ನೇ ಇನ್‌ಫೆಂಟ್ರಿ (ಕಾಲಾಳು ದಳ), ಅದರಲ್ಲಿ ಕೆ ಕಂಪನಿ.

1918ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಆರ್ಗಾನ್ ಕಾಡಿನಲ್ಲಿ ಜರ್ಮನ್ನರು ಸುತ್ತುವರಿದಿದ್ದ ಪಡೆಯಲ್ಲಿ ಇವನೂ ಇದ್ದ. ತೆವಳಿಕೊಂಡು ಹೊರಗೆ ಬಂದು ಸುದ್ದಿ ಮುಟ್ಟಿಸಿದ. ಶೌರ್ಯಕ್ಕೆ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್ ಪದಕ ಸಿಕ್ಕಿತು.

ಸಾಹಸ ಇರಲಿ, ನನಗೆ ಕಾಡುತ್ತಿರೋದು ಬೇರೆ. ಇನ್ನೊಂದು ದೇಶದ ಪ್ರಜೆಯನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸಲು ಅಮೆರಿಕಕ್ಕೆ ಹಕ್ಕು ಎಲ್ಲಿಂದ ಬಂತು? ಇವರೆಲ್ಲ ಯಾಕೆ ಬೇಡ ಅನ್ನಲಿಲ್ಲ?

ಹುಬ್ಬಳ್ಳಿ ಹುಡುಗ
ದೇಶ ಅನ್ನ ಕೊಟ್ಟಿದೆ, ದೇಶಕ್ಕೆ ಯುದ್ಧ ಬಂದಾಗ ಬಂದೂಕು ಹಿಡಿಯಬೇಕು. ಇದರಲ್ಲಿ ತಪ್ಪೇನಿದೆ?

ತುಂಗಾತೀರ
ಅನ್ನ ಯಾರೂ ಬಿಟ್ಟಿ ಕೊಡಲಿಲ್ಲ ಮಾರಾಯರೇ. ದಿನವಿಡೀ ನಿಂತು ಕೂದಲು ಕತ್ತರಿಸಿ ದುಡಿದಿದ್ದಾನೆ.

ವಕೀಲ ಸಾಹೇಬ
ಕಾನೂನಿನ ಭಾಗ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

1917ರ ಮೇ 18ರಂದು ಸೆಲೆಕ್ಟಿವ್ ಸರ್ವಿಸ್, ಅಂದರೆ ಕಡ್ಡಾಯ ಸೈನ್ಯ ಸೇವೆಯ ಕಾಯ್ದೆ ಬಂತು. ಜೂನ್ 5ರಂದು 21ರಿಂದ 30 ವರ್ಷದ ಎಲ್ಲ ಗಂಡಸರೂ ಹೆಸರು ಬರೆಸಬೇಕಿತ್ತು. ಪೌರನಾಗಿರಲಿ, ಹೊರಗಿನವನಾಗಿರಲಿ, ಬರೆಸೋದು ಮಾತ್ರ ಕಡ್ಡಾಯ. ಬರೆಸಿದ ಮೇಲೆ ಹೊರಗಿನವರನ್ನು ಬೇರೆ ಬೇರೆ ಮಾಡುತ್ತಿದ್ದರು. 'ನಾನು ಅಮೆರಿಕದ ಪೌರನಾಗಲು ಇಚ್ಛಿಸುತ್ತೇನೆ' ಅಂತ ಮೊದಲ ಅರ್ಜಿ ಹಾಕಿದವರು ಒಂದು ಗುಂಪು. ಅವರನ್ನು ಫಸ್ಟ್ ಪೇಪರ್ಸ್ ತೆಗೆದವರು ಅನ್ನುತ್ತಿದ್ದರು. ಪೌರತ್ವ ಇನ್ನೂ ಕೈಗೆ ಬಂದಿರದಿದ್ದರೂ ಅವರನ್ನು ಸೈನ್ಯಕ್ಕೆ ಸೇರಿಸಬಹುದಿತ್ತು. ಆ ಅರ್ಜಿಯನ್ನೇ ಹಾಕದವರಿಗೆ ವಿನಾಯಿತಿ. ಶತ್ರು ದೇಶದವರನ್ನು ಸೇರಿಸುವ ಹಾಗೇ ಇರಲಿಲ್ಲ.

ಆದರೆ ವಿನಾಯಿತಿ ತಾನಾಗಿ ಸಿಗುತ್ತಿರಲಿಲ್ಲ. ಫಾರಂ ತುಂಬಿ, ಯಾರು ಸೈನ್ಯಕ್ಕೆ ಹೋಗಬೇಕು ಅಂತ ತೀರ್ಮಾನಿಸುವ ಸ್ಥಳೀಯ ಬೋರ್ಡಿಗೆ ಗಡುವಿನೊಳಗೆ ಕೊಟ್ಟು ಕೇಳಿಕೊಳ್ಳಬೇಕಿತ್ತು. ಫಾರಂ ಇಂಗ್ಲಿಷ್‌ನಲ್ಲಿ. ಯಹೂದಿಗಳ ಯಿದ್ದಿಷ್ ಭಾಷೆ ಇಲ್ಲವೇ ಇಟಾಲಿಯನ್ ಮಾತ್ರ ಬರುವ ಕೂಲಿಗೆ ಅದು ಹೇಗೆ ಗೊತ್ತಾಗಬೇಕು? ಹೀಗಾಗಿ ಕಾನೂನಿನ ಪ್ರಕಾರ ಹೋಗಬೇಕಿಲ್ಲದ ಸಾವಿರಾರು ಜನ ಕ್ಯಾಂಪ್ ಸೇರಿದರು. ಬೇರೆ ದೇಶಗಳ ರಾಯಭಾರಿಗಳು ವಾಷಿಂಗ್ಟನ್‌ಗೆ ದೂರು ಕೊಟ್ಟರು.

ಇನ್ನೊಂದು ಎಡವಟ್ಟೂ ಇತ್ತು. ಒಂದು ಪ್ರದೇಶದಿಂದ ಎಷ್ಟು ಜನ ಬೇಕು ಅನ್ನೋದನ್ನು ಮೊದಲಿಗೆ ಒಟ್ಟು ಜನಸಂಖ್ಯೆಯ ಮೇಲೆ ಲೆಕ್ಕ ಹಾಕಿದರು. ವಲಸಿಗರು ಜಾಸ್ತಿ ಇದ್ದ ಕಡೆ, ಅವರಿಗೆ ವಿನಾಯಿತಿ ಕೊಟ್ಟರೆ ಉಳಿದವರ ಮೇಲೆ ಭಾರ. 'ಅವರು ಮನೆಯಲ್ಲಿ ಆರಾಮಾಗಿ ಇರ್ತಾರೆ, ನಮ್ಮ ಮಕ್ಕಳು ಸಾಯಬೇಕಾ' ಅಂತ ಸ್ಥಳೀಯರ ಗೊಣಗಾಟ. ಬೋರ್ಡಿನಲ್ಲಿ ಕೂತವರೂ ಅದೇ ಬೀದಿಯವರು. ವಿನಾಯಿತಿ ಕೊಡಲು ಅವರಿಗೆ ಎಷ್ಟು ಮನಸ್ಸು ಬಂದೀತು, ನೀವೇ ಯೋಚಿಸಿ.

ಸುಮ್ನೆ ಓದುವವಳು
ಅಂದ್ರೆ ತಪ್ಪಿಸಿಕೊಳ್ಳೋಕೆ ಬಾಗಿಲು ಇತ್ತು, ಬಾಗಿಲ ಮೇಲಿನ ಬರಹ ಮಾತ್ರ ಅವರಿಗೆ ಬಾರದ ಭಾಷೆಯಲ್ಲಿತ್ತು. ನಮ್ಮ ಬ್ಯಾಂಕ್ ಫಾರಂ ಥರ!

ಹುಬ್ಬಳ್ಳಿ ಹುಡುಗ
ದಯವಿಟ್ಟು ಬ್ಯಾಂಕ್ ಫಾರಂ ವಿಷಯ ಇಲ್ಲಿ ಶುರು ಮಾಡಬೇಡಿ, ಮುಗಿಯೋದೇ ಇಲ್ಲ.

ನಿವೃತ್ತ ಸುಬೇದಾರ್
ಕಾನೂನು ವಕೀಲರು ನೋಡಿಕೊಳ್ಳಲಿ. ನಾನು ಸೈನ್ಯದಲ್ಲಿ ಇದ್ದವನು, ಅಲ್ಲಿ ನಡೆದದ್ದನ್ನು ಹೇಳುತ್ತೇನೆ. 'ತೆವಳಿಕೊಂಡು ಬಂದ' ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ, ಅದಕ್ಕೆ.

ಅಕ್ಟೋಬರ್ 2ರಂದು ಮೇಜರ್ ಚಾರ್ಲ್ಸ್ ವಿಟ್ಲ್ಸಿಯ ಪಡೆ ಆದೇಶದಂತೆ ಮುಂದೆ ಹೋಯಿತು. ಮೇಜರ್ ನ್ಯೂಯಾರ್ಕಿನಲ್ಲಿ ವಕೀಲರಾಗಿದ್ದವರು. ಎಡಕ್ಕೂ ಬಲಕ್ಕೂ ಇದ್ದ ಪಡೆಗಳು ಹಿಂದೆ ಉಳಿದವು. ಸಹಾಯಕ್ಕೆ ಕಳಿಸಿದ ಕಂಪನಿಗಳಲ್ಲಿ ತಲುಪಿದ್ದು ಕ್ಯಾಪ್ಟನ್ ಹೋಲ್ಡರ್‌ಮನ್ನರ ಕೆ ಕಂಪನಿ ಒಂದೇ. ನಿಮ್ಮ ಕ್ರೊಟೊಶಿನ್ಸ್ಕಿ ಅದರಲ್ಲೇ ಇದ್ದ. ಅಷ್ಟರಲ್ಲಿ ಹಿಂದಿನ ದಾರಿ ಮುಚ್ಚಿತು. ಸುಮಾರು 550 ಜನ ಒಂದು ಕಣಿವೆಯ ಇಳಿಜಾರಿನಲ್ಲಿ ಸಿಕ್ಕಿಬಿದ್ದರು. ಊಟ ಇಲ್ಲ. ನೀರು ಕೆಳಗಿನ ತೊರೆಯಲ್ಲಿ, ತರಲು ಹೋದರೆ ಗುಂಡು. ಅಕ್ಟೋಬರ್ 4ರಂದು ತಮ್ಮದೇ ತೋಪುಗಳ ಗುಂಡು ತಲೆ ಮೇಲೆ ಬಿತ್ತು. ಗುಂಡು ನಿಲ್ಲಿಸಿ ಅಂತ ಚೀಟಿ ಬರೆದು ಕೊನೆಗೆ ಉಳಿದ ಪಾರಿವಾಳದ ಕಾಲಿಗೆ ಕಟ್ಟಿ ಬಿಟ್ಟರು. ಅದರ ಹೆಸರೇ ಶೇರ್ ಆಮಿ. ಆಮೇಲೆ ಪಾರಿವಾಳವೂ ಇಲ್ಲ.

ಆ ಕಾಲಕ್ಕೆ ಮುಂಚೂಣಿಯಲ್ಲಿ ಹೊತ್ತು ತಿರುಗುವ ರೇಡಿಯೋ ಇರಲಿಲ್ಲ. ಟೆಲಿಫೋನ್ ತಂತಿ ಎಳೆದರೆ ತುಂಡಾಗುತ್ತಿತ್ತು. ಉಳಿದದ್ದು ರನ್ನರ್, ಅಂದರೆ ಕಾಲ್ನಡಿಗೆಯಲ್ಲಿ ಸುದ್ದಿ ಒಯ್ಯುವ ಸಿಪಾಯಿ. ಮೊದಲು ಹೋದವರು ಸತ್ತರು, ಸೆರೆಯಾದರು, ಇಲ್ಲವೇ ಗಾಯಗೊಂಡು ವಾಪಸ್ ಬಂದರು. ಅದೆಲ್ಲ ಕಣ್ಣಾರೆ ನೋಡಿದ ಮೇಲೂ ಇವನು ನಾನು ಹೋಗುತ್ತೇನೆ ಅಂದ. ಪೊದೆಯಲ್ಲಿ ಸತ್ತವನ ಹಾಗೆ ಮಲಗಿದ್ದಾಗ ಒಬ್ಬ ಜರ್ಮನ್ ಬೂಟುಗಾಲಲ್ಲಿ ಇವನ ಬೆರಳು ತುಳಿದುಕೊಂಡು ಹೋದನಂತೆ. ಉಸಿರು ಬಿಡಲಿಲ್ಲ. ಅಮೆರಿಕನ್ ಸಾಲಿಗೆ ಮುಟ್ಟಿ, ಸಹಾಯದ ಪಡೆಗೆ ದಾರಿ ತೋರಿಸಿದ. ಅಕ್ಟೋಬರ್ 7ರ ಸಂಜೆ ಸಿಕ್ಕಿಬಿದ್ದವರಿಗೆ ಬಿಡುಗಡೆಯಾಯಿತು. ಸ್ವಂತ ಕಾಲಲ್ಲಿ ನಡೆದು ಹೊರಬಂದವರು 194 ಜನ.

ಕಡ್ಡಾಯವಾಗಿ ಬಂದವನು ಮನಸ್ಸಿಟ್ಟು ಕಾದಾಡೋದಿಲ್ಲ ಅನ್ನುವವರಿಗೆ ಇಷ್ಟು ಸಾಕು.

ಮಲೆನಾಡಿಗ
ಸುಬೇದಾರ್ ಸರ್, ಚೆನ್ನಾಗಿ ಹೇಳಿದಿರಿ. ಆದರೆ ಒಬ್ಬನೇ ಎಲ್ಲರನ್ನೂ ಉಳಿಸಿದ ಅನ್ನೋ ಅರ್ಥ ಬರಬಾರದು. ಅಕ್ಟೋಬರ್ 7ರಂದು ಅಮೆರಿಕದ 82ನೇ ಡಿವಿಷನ್ ಪಕ್ಕದಿಂದ ದಾಳಿ ಮಾಡಿತು. ಜರ್ಮನ್ನರಿಗೆ ಆರ್ಗಾನ್‌ನಲ್ಲಿ ನಿಲ್ಲೋದೇ ಕಷ್ಟವಾಗಿ ಹಿಂದೆ ಸರಿಯಬೇಕಾಯಿತು. ವಿಟ್ಲ್ಸಿ ಎಲ್ಲಿದ್ದಾರೆ ಅನ್ನೋದು ಮೇಲಿನವರಿಗೆ ಮೊದಲೇ ಗೊತ್ತಿತ್ತು.

ನಿವೃತ್ತ ಸುಬೇದಾರ್
ಎಲ್ಲಿದ್ದಾರೆ ಅಂತ ನಕ್ಷೆಯಲ್ಲಿ ಗೊತ್ತಿರೋದು ಬೇರೆ, ಯಾವ ದಾರಿಯಲ್ಲಿ ಹೋದರೆ ಮೆಷಿನ್‌ಗನ್ ಸಿಗೋದಿಲ್ಲ ಅಂತ ತೆವಳಿ ಬಂದವನಿಗೆ ಗೊತ್ತಿರೋದು ಬೇರೆ. ಎರಡೂ ಬೇಕು.

ಮಲೆನಾಡಿಗ
ಅದು ಒಪ್ಪಿದೆ. 82ರ ವಿಷಯ ಬಂತಲ್ಲ, ಮರುದಿನ ಅಕ್ಟೋಬರ್ 8ರಂದು ಸಾಹಸದಿಂದ ಹೆಸರು ಮಾಡಿದ ಸಿಪಾಯಿ ಆಲ್ವಿನ್ ಯಾರ್ಕ್ ಅದೇ ಡಿವಿಷನ್‌ನವನು. ಅಮೆರಿಕದಲ್ಲೇ ಹುಟ್ಟಿದವನು. ಕೊಲ್ಲೋದು ನನ್ನ ಧರ್ಮಕ್ಕೆ ವಿರುದ್ಧ ಅಂತ ವಿನಾಯಿತಿ ಕೇಳಿದ್ದ, ಬೋರ್ಡ್ ಕೊಡಲಿಲ್ಲ. ಹಾಗಾಗಿ ಬಲವಂತ ವಲಸಿಗರಿಗಷ್ಟೇ ಆಯಿತು ಅನ್ನೋ ಹಾಗಿಲ್ಲ.

ತುಂಗಾತೀರ
ವ್ಯತ್ಯಾಸ ಇದೆ ಅಲ್ವಾ? ಯಾರ್ಕ್‌ಗೆ ಓಟು ಇತ್ತು. ಯುದ್ಧ ಬೇಕೋ ಬೇಡವೋ ಅಂತ ತೀರ್ಮಾನಿಸುವ ಸರ್ಕಾರವನ್ನು ಆರಿಸುವ ಹಕ್ಕು ಇತ್ತು. ಪೌರತ್ವ ಇಲ್ಲದವರಿಗೆ ಅದೂ ಇರಲಿಲ್ಲ.

ಚರಿತ್ರೆ ಮೇಷ್ಟ್ರು
ಯಾಕೆ ಬೇಡ ಅನ್ನಲಿಲ್ಲ ಅಂತ ಕೇಳಿದ್ದೀರಿ. ಎರಡು ವಿಷಯ ಹೇಳಬೇಕು.

ಮೊದಲನೆಯದು, ಇವರು ಯಾವುದನ್ನು ಬಿಟ್ಟು ಬಂದಿದ್ದರು ಅಂತ. ಝಾರ್ 1ನೇ ನಿಕೊಲಾಯ್ ಕಾಲದಲ್ಲಿ, 1827ರಿಂದ, ಹನ್ನೆರಡು ವರ್ಷದ ಯಹೂದಿ ಹುಡುಗರನ್ನೂ ಹಿಡಿದುಕೊಂಡು ಹೋಗುತ್ತಿದ್ದರು. ಆಮೇಲೆ ವಯಸ್ಸಿಗೆ ಬಂದ ಮೇಲೆ 25 ವರ್ಷ ಸೇವೆ. ಮತಾಂತರದ ಒತ್ತಡ ಬೇರೆ. 1874ರ ಹೊಸ ಕಾನೂನಿನಲ್ಲಿ ಅವಧಿ ಕಡಿಮೆಯಾಯಿತು, ಆದರೆ ಯಹೂದಿಗೆ ಅಧಿಕಾರಿಯಾಗಲು ಅವಕಾಶ ಇಲ್ಲದಂತೆಯೇ. ತಪ್ಪಿಸಿಕೊಂಡು ಹೋದರೆ ಮನೆಯವರ ಮೇಲೆ 300 ರೂಬಲ್ ದಂಡ. ಅಜ್ಜಂದಿರ ಕಥೆ ಕೇಳಿ ಬೆಳೆದ ಹುಡುಗ ಹಡಗು ಹತ್ತಿದ್ದರಲ್ಲಿ ಆಶ್ಚರ್ಯ ಇಲ್ಲ. ಅವನು ಹೆದರಿದ್ದು ಯುದ್ಧಕ್ಕೆ ಅಂತ ಶೀರ್ಷಿಕೆ ನೋಡಿದರೆ ಅನಿಸುತ್ತೆ. ಝಾರ್‌ಗಾಗಿ ಸಾಯೋದು ಬೇಡ ಅಂದದ್ದು ಹೇಡಿತನ ಅಲ್ಲ.

ಎರಡನೆಯದು, ಅಮೆರಿಕದ ಕ್ಯಾಂಪ್‌ಗಳು ಹೇಗಿದ್ದವು ಅಂತ. ನ್ಯೂಯಾರ್ಕಿನವರನ್ನು ಲಾಂಗ್ ಐಲೆಂಡ್‌ನ ಯಾಪ್‌ಹ್ಯಾಂಕ್‌ನಲ್ಲಿದ್ದ ಕ್ಯಾಂಪ್ ಅಪ್ಟನ್‌ಗೆ ಕಳಿಸುತ್ತಿದ್ದರು. 77ನೇ ಡಿವಿಷನ್‌ನಲ್ಲಿ 42 ಭಾಷೆ ಮಾತಾಡುತ್ತಿದ್ದರು ಅಂತ ಹೆಸರುವಾಸಿ. ತೋಳಿನ ಮೇಲೆ ಸ್ವಾತಂತ್ರ್ಯ ದೇವಿಯ ಗುರುತು. ಇಡೀ ಅಮೆರಿಕನ್ ಸೈನ್ಯದಲ್ಲಿ ಹೊರದೇಶದಲ್ಲಿ ಹುಟ್ಟಿದವರು ಸುಮಾರು ನೂರಕ್ಕೆ 18, ಹತ್ತಿರ ಹತ್ತಿರ ಐದು ಲಕ್ಷ ಜನ.

ಇಂಗ್ಲಿಷ್ ಬಾರದವರನ್ನು ಮೊದಲು ಅಡುಗೆಮನೆ, ಗುಂಡಿ ತೋಡುವ ಕೆಲಸಕ್ಕೆ ಹಾಕಿ ಮರೆತುಬಿಡುತ್ತಿದ್ದರು. 1918ರಲ್ಲಿ ಜಾರ್ಜಿಯಾದ ಕ್ಯಾಂಪ್ ಗಾರ್ಡನ್‌ನಲ್ಲಿ ಬೇರೆ ದಾರಿ ಹಿಡಿದರು. ಒಂದೇ ಭಾಷೆಯವರನ್ನು ಒಂದು ಕಂಪನಿಗೆ ಸೇರಿಸಿ, ಆ ಭಾಷೆ ಬಲ್ಲ ಅಧಿಕಾರಿಗಳನ್ನೇ ಕೊಟ್ಟರು. ಜೊತೆಗೆ ಇಂಗ್ಲಿಷ್ ಪಾಠ. ಕೆಲಸ ಆಯಿತು. ಬೇರೆ ಕ್ಯಾಂಪ್‌ಗಳೂ ಅದನ್ನೇ ಮಾಡಿದವು. ಯಹೂದಿ ಹಬ್ಬಗಳಿಗೆ ರಜೆ ಕೂಡ ಸಿಗುತ್ತಿತ್ತು. ರಷ್ಯಾದಲ್ಲಿ ಇದನ್ನು ಕನಸಲ್ಲೂ ಕಾಣದವರಿಗೆ ಅದು ದೊಡ್ಡ ವಿಷಯವೇ.

ಸುಮ್ನೆ ಓದುವವಳು
ಮೇಷ್ಟ್ರೇ, ಅಲ್ಲಿ ಸೈನ್ಯಕ್ಕೆ ಹೊಸಬರ ಭಾಷೆಯಲ್ಲೇ ಹೇಳಿದರೆ ಲಾಭ ಅಂತ ಅರ್ಥ ಆಯ್ತು. ಮೊದಲ ದಿನ ಫಾರಂ ಕೊಡುವಾಗ ಯಾಕೆ ಅರ್ಥ ಆಗಲಿಲ್ಲ?

ಚರಿತ್ರೆ ಮೇಷ್ಟ್ರು
ಫಾರಂ ಅರ್ಥವಾದರೆ ಸಿಪಾಯಿ ಕೈತಪ್ಪುತ್ತಾನೆ. ಆದೇಶ ಅರ್ಥವಾಗದಿದ್ದರೆ ಯುದ್ಧ ಕೈತಪ್ಪುತ್ತದೆ. ಸರ್ಕಾರದ ಲೆಕ್ಕ ಅಷ್ಟೇ.

ವಕೀಲ ಸಾಹೇಬ
ಬೇಡ ಅಂದವರೂ ಇದ್ದರು. 1918ರ ಜುಲೈ ಕಾನೂನಿನಲ್ಲಿ ತಟಸ್ಥ ದೇಶಗಳಿಂದ ಬಂದವರು ಪೌರತ್ವದ ಅರ್ಜಿ ಹಿಂದೆ ತೆಗೆದುಕೊಂಡು ಸೈನ್ಯದಿಂದ ಪಾರಾಗಬಹುದಿತ್ತು. ಆದರೆ ಆಮೇಲೆ ಜನ್ಮದಲ್ಲಿ ಅಮೆರಿಕದ ಪೌರತ್ವ ಇಲ್ಲ. ಅದೇ ವರ್ಷ ಮೇ 9ರ ಕಾನೂನು ಇನ್ನೊಂದು ಕಡೆಯಿಂದ ಆಸೆ ತೋರಿಸಿತು. ಸೈನ್ಯದಲ್ಲಿದ್ದರೆ ಐದು ವರ್ಷ ಕಾಯೋದು ಬೇಡ, ತಕ್ಷಣ ಪೌರತ್ವ. ನ್ಯಾಯಾಧೀಶರು ಕ್ಯಾಂಪ್‌ಗೇ ಬಂದು ಗುಂಪು ಗುಂಪಾಗಿ ಪ್ರಮಾಣ ಮಾಡಿಸುತ್ತಿದ್ದರು.

ಹುಬ್ಬಳ್ಳಿ ಹುಡುಗ
ನೋಡಿ, ಅದೇ ನಾನು ಹೇಳಿದ್ದು. ಸೇವೆ ಮಾಡಿದರು, ಪೌರತ್ವ ಸಿಕ್ಕಿತು. ಕೊಡು ಕೊಳ್ಳುವ ವ್ಯವಹಾರ ಸರಿಯಾಯ್ತಲ್ಲ.

ಕಾವೇರಿ ದಂಡೆ
ಎಲ್ಲರಿಗೂ ಸರಿಯಾಗಲಿಲ್ಲ ಸಾರ್. ಭಗತ್ ಸಿಂಗ್ ಥಿಂಡ್ ಹೆಸರು ಕೇಳಿದ್ದೀರಾ? ನಮ್ಮ ಭಗತ್ ಸಿಂಗ್ ಅಲ್ಲ, ಇವರು ಬೇರೆ. ಪಂಜಾಬಿನಿಂದ 1913ರಲ್ಲಿ ಅಮೆರಿಕಕ್ಕೆ ಹೋದವರು. ಅಮೆರಿಕದ ಆರೆಗಾನ್ ರಾಜ್ಯದ ಮರದ ಮಿಲ್‌ಗಳಲ್ಲಿ ದುಡಿಯುತ್ತಿದ್ದರು. 1918ರ ಜುಲೈನಲ್ಲಿ ಸೈನ್ಯ ಸೇರಿ ವಾಷಿಂಗ್ಟನ್ ರಾಜ್ಯದ ಕ್ಯಾಂಪ್ ಲೂಯಿಸ್‌ನಲ್ಲಿ ಇದ್ದರು. ಪೇಟ ಕಟ್ಟಿಕೊಂಡೇ ಅಮೆರಿಕನ್ ಸಮವಸ್ತ್ರ ಹಾಕಿದವರು. ಆಕ್ಟಿಂಗ್ ಸಾರ್ಜೆಂಟ್ ಆದರು. ಮೈಮೇಲೆ ಸಮವಸ್ತ್ರ ಇರುವಾಗಲೇ ಡಿಸೆಂಬರ್ 9ರಂದು ಪೌರತ್ವ ಸಿಕ್ಕಿತು. ನಾಲ್ಕೇ ದಿನಕ್ಕೆ ಕಿತ್ತುಕೊಂಡರು. ಕಾರಣ, ಬಿಳಿಯರಲ್ಲ.

ಸುಮ್ನೆ ಓದುವವಳು
ನಾಲ್ಕು ದಿನ!! ಗುಂಡು ತಿನ್ನೋಕೆ ಬಣ್ಣ ನೋಡಲಿಲ್ಲ, ಕಾಗದ ಕೊಡೋಕೆ ನೋಡಿದರು.

ವಕೀಲ ಸಾಹೇಬ
ಥಿಂಡ್ ಕೇಸು ಆಮೇಲೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಲ್ಲಿನ ತೀರ್ಪು ಎಷ್ಟು ವಿಚಿತ್ರ ಅಂತ ಹೇಳದಿದ್ದರೆ ನಿದ್ದೆ ಬರೋದಿಲ್ಲ. ಆಗಿನ ಕಾನೂನಿನಲ್ಲಿ ಪೌರತ್ವ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ. 1922ರ ನವೆಂಬರ್‌ನಲ್ಲಿ ಒಝಾವಾ ಅನ್ನುವ ಜಪಾನ್ ಮೂಲದವರ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಬಿಳಿಯ ಅಂದರೆ ಕಕೇಷಿಯನ್ ಕುಲದವನು, ನೀನಲ್ಲ ಅಂದಿತು. ಥಿಂಡ್ ಪರ ವಕೀಲರು, ಆಗಿನ ಕುಲಶಾಸ್ತ್ರದ ಪುಸ್ತಕಗಳಲ್ಲಿ ಉತ್ತರ ಭಾರತದವರೂ ಕಕೇಷಿಯನ್ ಅಂತಲೇ ಇದೆ, ಹಾಗಾದರೆ ಕೊಡಿ ಅಂದರು. ಮೂರೇ ತಿಂಗಳಲ್ಲಿ, 1923ರ ಫೆಬ್ರವರಿ 19ರಂದು, ಅದೇ ಕೋರ್ಟ್ ಪುಸ್ತಕದ ಮಾತು ಬೇಡ, ಸಾಮಾನ್ಯ ಜನ ಯಾರನ್ನು ಬಿಳಿಯ ಅಂತಾರೋ ಅವರೇ ಬಿಳಿಯರು ಅಂದುಬಿಟ್ಟಿತು. ಎರಡೂ ತೀರ್ಪು ಬರೆದವರು ಒಬ್ಬರೇ, ಜಾರ್ಜ್ ಸದರ್‌ಲ್ಯಾಂಡ್. ಅವರು ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು!

ಆಮೇಲೆ ಪೌರತ್ವ ಸಿಕ್ಕಿದ್ದ ಬೇರೆ ಭಾರತೀಯರದ್ದೂ ರದ್ದಾಗತೊಡಗಿತು. ವೈಷ್ಣೋ ದಾಸ್ ಬಗಾಯ್ ಅನ್ನುವ ವ್ಯಾಪಾರಿ 1928ರಲ್ಲಿ ಅದೇ ನೋವಿಗೆ ಜೀವ ಕಳೆದುಕೊಂಡರು.

ಕಾವೇರಿ ದಂಡೆ
ಥಿಂಡ್‌ಗೆ ಕೊನೆಗೆ ಸಿಕ್ಕಿದ್ದು 1936ರಲ್ಲಿ, ನ್ಯೂಯಾರ್ಕಿನಲ್ಲಿ. ಮೊದಲ ಯುದ್ಧದ ಸೈನಿಕರಿಗೆ, ಏಷ್ಯಾದವರಾದರೂ, ಪೌರತ್ವ ಕೊಡಬಹುದು ಅಂತ 1935ರಲ್ಲಿ ಕಾನೂನು ಬಂದ ಮೇಲೆ. ಉಳಿದ ಭಾರತೀಯರು 1946ರ ತನಕ ಕಾದರು.

ಹುಬ್ಬಳ್ಳಿ ಹುಡುಗ
ಥಿಂಡ್ ವಿಷಯದಲ್ಲಿ ಮೋಸ ಆಗಿದೆ, ಒಪ್ಪಿದೆ. ಕ್ರೊಟೊಶಿನ್ಸ್ಕಿಗೆ ಏನಾಯ್ತು? ಪದಕ ಸಿಕ್ಕಿತಲ್ಲ?

ತುಂಗಾತೀರ
ಪದಕ ಸಿಕ್ಕಿತು, ಹೊಟ್ಟೆಗೆ ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಪ್ಯಾಲೆಸ್ಟೈನ್‌ಗೆ ಹೋಗಿ ಬೇಸಾಯ ಮಾಡಿದ. ಕೈಹಿಡಿಯಲಿಲ್ಲ. ನ್ಯೂಯಾರ್ಕಿಗೆ ವಾಪಸ್ ಬಂದಾಗ ಕೆಲಸವೂ ಇಲ್ಲ. ಕೊನೆಗೆ ಅಧ್ಯಕ್ಷ ಕೂಲಿಜ್ ವಿಶೇಷ ಆದೇಶ ಹೊರಡಿಸಿ ಅಂಚೆ ಇಲಾಖೆಯಲ್ಲಿ ಕೆಲಸ ಕೊಡಿಸಿದರು. 1953ರಲ್ಲಿ ತೀರಿಕೊಂಡ.

ಅಧ್ಯಕ್ಷರೇ ಆದೇಶ ಹೊರಡಿಸಬೇಕಾಗಿ ಬಂತು ಅಂದರೆ, ಪದಕ ಇಲ್ಲದ ಸಾವಿರಾರು ವಲಸಿಗ ಸಿಪಾಯಿಗಳ ಪಾಡು ಏನಿರಬಹುದು?

ನಿವೃತ್ತ ಸುಬೇದಾರ್
ಮೇಜರ್ ವಿಟ್ಲ್ಸಿಗೂ ನೆಮ್ಮದಿ ಸಿಗಲಿಲ್ಲ. ಅತಿ ದೊಡ್ಡ ಪದಕ ಮೆಡಲ್ ಆಫ್ ಆನರ್ ಪಡೆದವರು. 1921ರಲ್ಲಿ ಹವಾನಾಕ್ಕೆ ಹೊರಟ ಹಡಗಿನಿಂದ ಸಮುದ್ರಕ್ಕೆ ಹಾರಿದರು. ಹಾರ್ವರ್ಡ್‌ನಲ್ಲಿ ಓದಿದ ವಕೀಲ ಆದರೇನು, ವಲಸೆ ಬಂದ ಕ್ಷೌರಿಕ ಆದರೇನು, ಯುದ್ಧ ಮನೆತನಕ ಬಂದೇ ಬರುತ್ತೆ. ನನ್ನ ಜೊತೆಗಿದ್ದವರಲ್ಲೂ ನೋಡಿದ್ದೇನೆ, ಅದನ್ನು ಇಲ್ಲಿ ಬರೆಯೋದಿಲ್ಲ.

ಬೆಂಗಳೂರು ಪೇಟೆ
ವಿಷಯಕ್ಕೆ ಸ್ವಲ್ಪ ದೂರ ಇರಬಹುದು. ಆರ್ಗಾನ್ ದಾಳಿ ಶುರುವಾದದ್ದು 1918ರ ಸೆಪ್ಟೆಂಬರ್ 26ಕ್ಕೆ. ಅದಕ್ಕೆ ಮೂರು ದಿನ ಮೊದಲು ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದರು. ಕುದುರೆ ಮೇಲೆ, ಈಟಿ ಹಿಡಿದು, ಮೆಷಿನ್‌ಗನ್ ಎದುರಿಗೆ! ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇದೆ, ಎಷ್ಟು ಜನ ನಿಂತು ನೋಡಿದ್ದೀರಿ?

ಮಲೆನಾಡಿಗ
ನೋಡಿದ್ದೇನೆ. ಆದರೆ ಅವರು ವಲಸಿಗರೂ ಅಲ್ಲ, ಕಡ್ಡಾಯ ಸೇವೆಯವರೂ ಅಲ್ಲ. ಮಹಾರಾಜರ ಪಡೆ.

ಚರಿತ್ರೆ ಮೇಷ್ಟ್ರು
ಬ್ರಿಟಿಷ್ ಇಂಡಿಯಾದಲ್ಲಿ ಕಡ್ಡಾಯ ಇರಲಿಲ್ಲ ಅನ್ನೋದು ಕಾಗದದ ಮೇಲಿನ ಮಾತು. 1917, 18ರಲ್ಲಿ ಪಂಜಾಬಿನಲ್ಲಿ ಜಿಲ್ಲೆಗೆ ಇಷ್ಟು ಜನ ಅಂತ ಲೆಕ್ಕ ಹಾಕಿ, ಊರಿನ ಮುಖ್ಯಸ್ಥರ ಮೇಲೆ ಒತ್ತಡ ಹಾಕಿ ಸೇರಿಸಿದರು.

ಕಲಬುರಗಿ ಬಿಸಿಲು
ನೀವೆಲ್ಲ ನೂರು ವರ್ಷದ ಹಿಂದಿನ ಮಾತು ಆಡುತ್ತಿದ್ದೀರಿ. ನಮ್ಮ ಜಿಲ್ಲೆಯ ಹುಡುಗರು ಮೊನ್ನೆ ಮೊನ್ನೆ ಇದೇ ಅನುಭವಿಸಿದ್ದಾರೆ. ಸೆಕ್ಯೂರಿಟಿ ಕೆಲಸ, ಹೆಲ್ಪರ್ ಕೆಲಸ ಅಂತ ಏಜೆಂಟರು ನಂಬಿಸಿ ರಷ್ಯಾಕ್ಕೆ ಕಳಿಸಿದರು. ಅಲ್ಲಿ ಅವರಿಗೆ ಓದೋಕೆ ಬಾರದ ರಷ್ಯನ್ ಕರಾರಿಗೆ ಸಹಿ ಹಾಕಿಸಿಕೊಂಡು ಉಕ್ರೇನ್ ಗಡಿಗೆ ಅಟ್ಟಿದರು. 2024ರಲ್ಲಿ ಮನೆಯವರು ಎಷ್ಟೋ ಬಾಗಿಲು ತಟ್ಟಿದ ಮೇಲೆ ವಾಪಸ್ ಬಂದರು.

ಹುಬ್ಬಳ್ಳಿ ಹುಡುಗ
ಅದು ಮೋಸ. ಕಡ್ಡಾಯ ಸೇವೆ ಅಂದರೆ ಕಾನೂನು. ಎರಡನ್ನೂ ಕಲಸಬೇಡಿ.

ಕಲಬುರಗಿ ಬಿಸಿಲು
ಕಂದಕದಲ್ಲಿ ಕೂತವನಿಗೆ ಏನು ವ್ಯತ್ಯಾಸ ಹೇಳಿ ಅಣ್ಣಾ. ಆ ಕಾಲದ ಫಾರಮ್ಮೂ ಅವರಿಗೆ ಅರ್ಥ ಆಗಲಿಲ್ಲ, ಈ ಕಾಲದ ಕರಾರೂ ಆಗಲಿಲ್ಲ.

ಎಡಿಸನ್ ಅಮ್ಮ
ಎಲ್ಲ ಓದಿ ಎದೆ ಢವಢವ ಅನ್ನುತ್ತಿದೆ. ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಗ್ರೀನ್ ಕಾರ್ಡ್ ಇದೆ. ಮಗನಿಗೆ ಹದಿನೆಂಟು ತುಂಬಿತು, ಸೆಲೆಕ್ಟಿವ್ ಸರ್ವಿಸ್‌ಗೆ ಹೆಸರು ನೋಂದಾಯಿಸಿ ಅಂತ ಅಂಚೆಯಲ್ಲಿ ಕಾಗದ ಬಂತು. ದಾವಣಗೆರೆಯಲ್ಲಿರುವ ಅತ್ತೆಗೆ ಫೋನಿನಲ್ಲಿ ಹೇಳಿದೆ, ಅದೇ ತಪ್ಪಾಯ್ತು. 'ಮಗೂನ ಮಿಲಿಟರಿಗೆ ಕೊಡೋಕೆ ಅಲ್ಲಿಗೆ ಹೋದ್ರಾ' ಅಂತ ದಿನಾ ಅಳು. ಇದು ಈಗಲೂ ಜಾರಿಯಲ್ಲಿದೆಯಾ?

ದೊಡ್ಡಪ್ಪನ ಮಗ
ಹೆದರಬೇಡಿ ಅಕ್ಕ. ಅಮೆರಿಕದಲ್ಲಿ ಕಡ್ಡಾಯ ಸೇವೆ 1973ರಲ್ಲೇ ನಿಂತಿದೆ. ನಮ್ಮ ದೊಡ್ಡಪ್ಪ ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ ಗ್ರೀನ್ ಕಾರ್ಡ್ ತೆಗೆದುಕೊಂಡವರು. ಆಗ ಅದು ಬಂದರೆ ಡ್ರಾಫ್ಟ್ (ಕಡ್ಡಾಯ ಸೇವೆ) ಬೋರ್ಡಿಗೆ ಹೆಸರು ಕೊಡಲೇಬೇಕಿತ್ತು. 1969ರ ಡಿಸೆಂಬರ್ 1ರಂದು ಯಾರನ್ನು ಮೊದಲು ಕರೆಸೋದು ಅಂತ ಹುಟ್ಟಿದ ತಾರೀಖಿನ ಮೇಲೆ ಲಾಟರಿ ಎತ್ತಿದರು, ಮೊದಲು ಬಂದದ್ದು ಸೆಪ್ಟೆಂಬರ್ 14. ಟಿವಿ ಮುಂದೆ ಕೂತು ಕೈ ಮುಗಿದಿದ್ದರಂತೆ. ಅವರ ತಾರೀಖು ಬಹಳ ಹಿಂದೆ ಬಂತು, ಬಚಾವಾದರು. ಈಗಲೂ ಜಾತಕಕ್ಕಿಂತ ಆ ಲಾಟರಿಯನ್ನೇ ಜಾಸ್ತಿ ನಂಬುತ್ತಾರೆ.

ಮಲೆನಾಡಿಗ
1917ರಲ್ಲೂ ಲಾಟರಿಯೇ. ಜುಲೈ 20ರಂದು ಯುದ್ಧ ಮಂತ್ರಿ ನ್ಯೂಟನ್ ಬೇಕರ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎತ್ತಿದ ಮೊದಲ ಸಂಖ್ಯೆ 258. ಪ್ರತಿ ಬೋರ್ಡಿನ 258ನೇ ಹೆಸರಿನವನು ಒಟ್ಟಿಗೆ ಸಿಕ್ಕಿಬಿದ್ದ.

ವಕೀಲ ಸಾಹೇಬ
ಎಡಿಸನ್ ಅಮ್ಮನವರೇ, ನೋಂದಣಿ 1980ರಲ್ಲಿ ಮತ್ತೆ ಶುರುವಾಗಿ ಈಗಲೂ ಇದೆ. 18ರಿಂದ 25ರೊಳಗಿನ ಹುಡುಗರು, ಗ್ರೀನ್ ಕಾರ್ಡ್ ಇದ್ದರೂ ಮಾಡಿಸಬೇಕು. ಮಾಡಿಸಿದ ಮಾತ್ರಕ್ಕೆ ಯಾರೂ ಎಳೆದುಕೊಂಡು ಹೋಗೋದಿಲ್ಲ. ಹಾಗೆ ಕರೆಸಬೇಕಾದರೆ ಅಮೆರಿಕದ ಸಂಸತ್ತು (ಕಾಂಗ್ರೆಸ್) ಹೊಸದಾಗಿ ಕಾನೂನು ಮಾಡಬೇಕು. ಬಿಟ್ಟರೆ ಮುಂದೆ ಪೌರತ್ವದ ಅರ್ಜಿ ಹಾಕುವಾಗ ತೊಂದರೆ, ಯಾಕೆ ಮಾಡಿಸಲಿಲ್ಲ ಅಂತ ಕೇಳುತ್ತಾರೆ. ಹಾಗಾಗಿ ಇವತ್ತೇ ಮಾಡಿಸಿ. ಅತ್ತೆಗೆ ಶಾಲೆಯ ಫಾರಂ ಅಂತ ಹೇಳಿಬಿಡಿ.

ಪ್ರಶ್ನೆಗಾರ
ನಮ್ಮ ಮಗ ಎಚ್‌ 4 ವೀಸಾದಲ್ಲಿ (ಕೆಲಸದ ವೀಸಾದವರ ಮನೆಯವರಿಗೆ ಕೊಡೋದು) ಇದ್ದಾನೆ, ಹತ್ತೊಂಬತ್ತು ವರ್ಷ. ಅವನೂ ಮಾಡಿಸಬೇಕಾ?

ವಕೀಲ ಸಾಹೇಬ
ವೀಸಾ ಚಾಲ್ತಿಯಲ್ಲಿ ಇರುವ ತನಕ ಬೇಡ. 26 ತುಂಬುವ ಮೊದಲು ಗ್ರೀನ್ ಕಾರ್ಡ್ ಬಂದರೆ 30 ದಿನದೊಳಗೆ ಮಾಡಿಸಬೇಕು. ವೀಸಾ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಎಡಿಸನ್ ಅಮ್ಮ
ಧನ್ಯವಾದ ಸಾರ್. ಶಾಲೆಯ ಫಾರಂ ಅಂದರೆ ಅತ್ತೆ ನಂಬೋದಿಲ್ಲ, ಮೂವತ್ತು ವರ್ಷ ಮೇಡಂ ಆಗಿದ್ದವರು.

ಬೆಂಗಳೂರು ಪೇಟೆ
ಹೈಫಾ ಬಗ್ಗೆ ಬೇರೆ ಚರ್ಚೆ ಶುರು ಮಾಡಲಾ? ಸುಬೇದಾರ್ ಸರ್ ಬರ್ತೀರಾ?

ನಿವೃತ್ತ ಸುಬೇದಾರ್
ಮಾಡಿ, ಬರುತ್ತೇನೆ. ಆದರೆ ಈಟಿ ಮೆಷಿನ್‌ಗನ್ ಅಂತ ಬರೀ ವೀರಾವೇಶ ಮಾಡಬೇಡಿ. ಕುದುರೆಗೆ ನೀರು ಎಲ್ಲಿಂದ ತಂದರು ಅಂತ ಮೊದಲು ಬರೆಯಿರಿ.